ತಲೆ ತಿರುಗಿದವನು

ಊರಲ್ಲಿ ಹಾಗೇ ಹೇಳುತ್ತಾರಂತೆ:
ಸಿಪ್ರಿಗೆ ತಲೆ ತಿರುಗಿದೆ, ಬಹ್ರೈನಿನ ದುಡ್ಡು,
ಫೋನು ಎತ್ತುವುದಿಲ್ಲ, ತಂಗಿಯ ಮಗುವಿನ ಜ್ಞಾನಸ್ನಾನಕ್ಕೂ
ಎರಡು ಮಾತಿಲ್ಲ.

ಹೌದು, ತಿರುಗಿದೆ. ಮೊದಲ ಸಲ ತಿರುಗಿದ್ದು
ಹಿದ್ದ್‌ನ ಹಡಗುಕಟ್ಟೆಯಲ್ಲಿ, ಕ್ರೇನಿನ ಗೂಡೊಳಗೆ,
ನೆಲದಿಂದ ನಲವತ್ತು ಮೀಟರು ಮೇಲೆ.
ಕೊಕ್ಕೆಯಲ್ಲಿ ಹಡಗಿನ ಪ್ರೊಪೆಲ್ಲರು.
ಅದು ಅಲುಗಲಿಲ್ಲ. ಸಮುದ್ರ ಅಲುಗಿತು,
ಆಮೇಲೆ ಆಕಾಶ.
ಕಂಬಿ ತಬ್ಬಿ ಅಂಗಿಯ ಮೇಲೇ ಕಾರಿಕೊಂಡೆ.
ಕೆಳಗಿಂದ ಹಸೈನಾರ್ ವಾಕಿಟಾಕಿಯಲ್ಲಿ
ಇಳಿಸು, ಇಳಿಸು ಅನ್ನುತ್ತಿದ್ದ.
ಏನನ್ನು, ಎಂದು ಕೇಳಬೇಕಿತ್ತು.

ಈಗ ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸುತ್ತೇನೆ.
ಅರ್ಧ ಸಂಬಳ. ಗಾಯ ಎಲ್ಲಿ ಎಂದು ಕೇಳಿದ ಫೋರ್‌ಮನ್‌ಗೆ
ಕಿವಿ ತೋರಿಸಿದೆ. ಇಣುಕಿ ನೋಡಿ,
ಏನೂ ಇಲ್ಲವಲ್ಲ, ಎಂದ.

ಒಳಗಿವಿಯಲ್ಲಿ ನೀರು ಹೆಚ್ಚಿದೆ, ಉಪ್ಪು ಬಿಡು, ಅಂದರು ಡಾಕ್ಟರು.
ಬಿಟ್ಟೆ. ಫ್ಲಾವಿಯಾ ಕಳಿಸಿದ ಒಣ ಸಿಗಡಿಯ ಡಬ್ಬಿಯನ್ನು
ಮುಚ್ಚಳ ತೆಗೆದು ಮೂಸಿ, ಹಸೈನಾರನಿಗೆ ಕೊಟ್ಟೆ.
ಆದರೆ ಆಗಸ್ಟಿನಲ್ಲಿ ಇಲ್ಲಿ ಗಾಳಿಗೇ ಉಪ್ಪು,
ಕಿಟಕಿಯ ಗಾಜಿಗೆ ಉಪ್ಪು, ತುಟಿಗೆ ಉಪ್ಪು,
ಬಿಚ್ಚಿಟ್ಟ ಅಂಗಿಯ ಬೆನ್ನಲ್ಲಿ ಬೆವರಿನ ಬಿಳಿ ನಕ್ಷೆ.
ಗಂಜಿ ಒಂದೇ ಸಪ್ಪೆ.
ಮತ್ತೆ ಶುಕ್ರವಾರಗಳು.

ಶುಕ್ರವಾರ ಏಳುವುದಿಲ್ಲ.
ತಿರುಗಿತು ಎಂದಲ್ಲ, ತಿರುಗೀತು ಎಂದು.
ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ
ಎ.ಸಿ. ಇಲ್ಲ, ಬಾಂಗು ಇಲ್ಲ, ಆರು ಮಂದಿಯ ಗೊರಕೆ ಇಲ್ಲ,
ಯಾರದೋ ಕುಕ್ಕರಿನ ಶಿಳ್ಳೆ ಮಾತ್ರ;
ಒಲೆ ಆರಿಸುವವರಿಲ್ಲ.
ಡಾಕ್ಟರು ಅದನ್ನೂ ಕೇಳಿದ್ದರು: ಮನಸ್ಸು ಹೇಗಿದೆ?
ಸರಿಯಿದೆ ಎಂದೆ. ಇಂಗ್ಲಿಷಿನಲ್ಲಿ ಅದಕ್ಕೆ
ನನ್ನ ಬಳಿ ಮಾತಿರಲಿಲ್ಲ.
ನಮ್ಮದರಲ್ಲೂ ಇಲ್ಲ.

ಮುಹರ್ರಕ್‌ನ ಚಹಾದಂಗಡಿಯ ಹೊರಗೆ
ಮುದುಕ ಜಾಸಿಂ ಬೆಂಚಿನ ತುದಿ ಬಿಟ್ಟುಕೊಡುತ್ತಾನೆ.
ಅವನ ಅಪ್ಪ ಮುತ್ತಿಗಾಗಿ ಮುಳುಗುತ್ತಿದ್ದವನಂತೆ,
ಎರಡು ಕಿವಿಯೂ ಸಮುದ್ರಕ್ಕೇ ಹೋದವಂತೆ.
ಆಮೇಲೆ ಗೋಡೆಗೆ ಮುಖಮಾಡಿ ಕೂತ,
ವರ್ಷಗಟ್ಟಲೆ, ಒಂದೇ ಬಿರುಕು ನೋಡುತ್ತ.
ಸೊಕ್ಕು ಅಂದುಕೊಂಡಿದ್ದೆವು ನಾವು,
ಎಂದ ಜಾಸಿಂ, ಹರುಕು ಹಿಂದಿಯಲ್ಲಿ,
ನನ್ನ ಲೋಟಕ್ಕೆ ಕೇಳದೆಯೇ ಸಕ್ಕರೆ ಸುರಿಯುತ್ತ.

ರಾತ್ರಿ ಫ್ಲಾವಿಯಾಳ ಕರೆ. ಎತ್ತಿದೆ.
ಗೊತ್ತಿಲ್ಲದೆ ಕೆಟ್ಟ ಕಿವಿಗೇ ಹಿಡಿದಿದ್ದೆ.
ಎಷ್ಟು ಹೊತ್ತು ಮಾತಾಡಿದಳೋ.
ಕಿವಿ ಬದಲಿಸಿದಾಗ ಸಿಕ್ಕಿದ್ದು ಕೊನೆಯ ತುಂಡು:
ಕೇಳ್ತಾ ಇದ್ದೀರಾ?

ಇಲ್ಲ, ಎಂದೆ.
ಮೊದಲಿನಿಂದ ಹೇಳು.