ಮುಟ್ಟಿದ ಲೆಕ್ಕ

ಆರುನೂರ ಹನ್ನೊಂದು ಸಲ ಮುಟ್ಟಿದ್ದಾರೆ
ಎಂದು ವರದಿಯಲ್ಲಿ ಬರೆದು, ಸಹಿ ಹಾಕಿ, ಕಳಿಸಿ
ವಿಮಾನ ಹತ್ತಿದ್ದೆ.

ಹನ್ನೆರಡು ತಾಮ್ರದ ತಗಡು, ಗೋಡೆಗೆ, ಎದೆಯೆತ್ತರಕ್ಕೆ.
ಒಂದೊಂದರ ಬೆನ್ನಿಗೂ ಬೆರಳಿನ ಸುಳಿವು ಹಿಡಿಯುವ ಸರ್ಕೀಟು.
ಮುಟ್ಟಿದರೆ ಕೀಲಾರದ ಆಲೆಮನೆಯ ಕೊಪ್ಪರಿಗೆ ಕುದಿಯಬೇಕು:
ಮೊದಲನೆಯದಕ್ಕೆ ಕಬ್ಬಿನ ಹಸಿ ಹಾಲು ಸುರಿದ ಸದ್ದು,
ನಾಲ್ಕಕ್ಕೆ ಮಡ್ಡಿ ತೆಗೆಯುವ ಜಾಲರಿಯ ಸರಸರ,
ಏಳಕ್ಕೆ ನೊರೆ ಉಕ್ಕಿ ಗೊಣಗುವುದು,
ಹನ್ನೆರಡಕ್ಕೆ ಪಾಕ. ಗುಳುಕ್, ಗುಳುಕ್,
ದಪ್ಪ ಗಂಟಲಿನವರು ನಿದ್ದೆಯಲ್ಲಿ ಉಗುಳು ನುಂಗಿದಂತೆ.

ಸ್ಟಾವಾಂಗರ್. ಒಂದು ಕಾಲಕ್ಕೆ ಮೀನನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆ.
ಈಗ ನಮ್ಮಂಥವರನ್ನು ತುಂಬುತ್ತಾರೆ,
ಮೂರು ತಿಂಗಳಿಗೊಂದು ಡಬ್ಬಿ.
ಮಧ್ಯಾಹ್ನ ಮೂರೂವರೆಗೆಲ್ಲ ಕತ್ತಲೆ.
ಬಂದವರು ಉಣ್ಣೆಯ ಕೈಗವಸು ಬಿಚ್ಚಿ ಜೇಬಿಗಿಟ್ಟು
ಬಿಚ್ಚಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು
ಬಹಳ ಮರ್ಯಾದೆಯಿಂದ ನಿಂತರು.
ದಯವಿಟ್ಟು ಮುಟ್ಟಿ ಎಂದು ಬರೆದು ಅಂಟಿಸಿದೆ.
ಆ ಬರಹವನ್ನೂ ಮರ್ಯಾದೆಯಿಂದ ಓದಿದರು.
ಒಬ್ಬ ಹುಡುಗ ಮೂಗು ತಾಗಿಸಿದ.
ಅವನಮ್ಮ ಕ್ಷಮೆ ಕೇಳಿದಳು, ತಗಡಿನ ಹತ್ತಿರ.

ಮಂಡ್ಯ. ಸುಭಾಷನಗರದ ಮಹಡಿ ರೂಮು.
ನಿದ್ದೆ ಇನ್ನೂ ಅಲ್ಲಿಯ ಗಡಿಯಾರ ಕಟ್ಟಿಕೊಂಡಿತ್ತು.
ಮಷೀನು ಬರೆದಿಟ್ಟ ಕಡತ ತೆರೆದು
ಸಾಲು ಸಾಲಾಗಿ ಇಳಿದೆ.

ಬೆಳಗಿನ ಐದು ಇಪ್ಪತ್ತಕ್ಕೆ ಒಂದನೇ ತಗಡು.
ಆರು ಸೆಕೆಂಡು ಬಿಟ್ಟು ಎರಡನೆಯದು.
ಮೂರು. ನಾಲ್ಕು. ಹನ್ನೆರಡರ ತನಕ ತಪ್ಪದೆ
ನಲವತ್ತೊಂದು ದಿನ, ಭಾನುವಾರವೂ.
ಆ ಹೊತ್ತಿಗೆ ಯಾವ ಪ್ರೇಕ್ಷಕರು?

ಆಮೇಲೆ ನೆನಪಾಯಿತು
ಹಿಂಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದ ಹೆಸರು:
ಅಬ್ರೆಹೆತ್, ಐದರಿಂದ ಏಳು.
ಬಕೆಟ್ಟಿನ ಅಂಚಿಗೆ ಒಣಗುತ್ತಿದ್ದ ಹಳದಿ ಬಟ್ಟೆ.
ಒದ್ದೆ ಬಟ್ಟೆಗೂ ಬೆರಳಿಗೂ
ಸರ್ಕೀಟಿಗೆ ಭೇದ ಗೊತ್ತಿಲ್ಲ.

ಹನ್ನೆರಡು ನಲವತ್ತೊಂದಲ ನಾನೂರ ತೊಂಬತ್ತೆರಡು.
ಮಿಕ್ಕಿದ್ದು ನೂರ ಹತ್ತೊಂಬತ್ತು. ಅದರಲ್ಲಿ ಅರ್ಧ ನಾನೇ,
ಕೆಟ್ಟಿದೆಯೋ ಏನೋ ಎಂದು ಮುಟ್ಟಿ ನೋಡಿದ್ದು.

ಮೊದಲು ನಗು ಬಂತು.
ಕಡತ ಮುಚ್ಚುವವಳಿದ್ದೆ, ಕಣ್ಣಿಗೆ ಬಿತ್ತು:
ಹತ್ತೊಂಬತ್ತನೆಯ ದಿನದಿಂದ ಹನ್ನೆರಡನೇ ತಗಡಿನ ಮೇಲೆ
ಆರು ಸೆಕೆಂಡಲ್ಲ, ನಲವತ್ತು.
ಆಮೇಲೊಂದು ದಿನ ಎರಡು ನಿಮಿಷ.
ಕೊನೆಯ ದಿನ ನಾಲ್ಕು.
ಬಟ್ಟೆಯೋ, ಕೈಯೋ, ಕಡತ ಹೇಳುವುದಿಲ್ಲ.
ಹಗಲು ಹೊತ್ತು ನಾನವಳನ್ನು ನೋಡಿಯೇ ಇರಲಿಲ್ಲ.
ಬೆಳಗ್ಗೆ ತಗಡು ಹೊಳೆಯುತ್ತಿದ್ದವು,
ತಾಮ್ರವೆಂದರೆ ಹಾಗೇ ಅಂದುಕೊಂಡಿದ್ದೆ.

ತಗಡುಗಳನ್ನು ಗೋಣಿಯಲ್ಲಿ ಸುತ್ತಿ ಕೀಲಾರಕ್ಕೆ ಒಯ್ದೆ.
ಆಲೆಮನೆಯ ತಡಿಕೆಗೆ ಒರಗಿಸಿಟ್ಟೆ. ಯಾರೂ ನನ್ನನ್ನು ಕೇಳಲಿಲ್ಲ,
ಮುಟ್ಟಿದರು, ತಿರುಗಿಸಿದರು, ಕೇಜಿಗೆಷ್ಟು ಅಂದರು.
ಪಾಕ ನೋಡುವ ಜವರಪ್ಪ ಟವಲಿಗೆ ಕೈ ಒರೆಸಿಕೊಂಡು ಬಂದು
ಹನ್ನೆರಡನೆಯದರ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿದ.
'ಹದ ಮೀರೈತೆ ಕಣವ್ವ.
ಇದ್ನ ಅಚ್ಚಿಗೆ ಹೊಯ್ದ್ರೆ ಕಲ್ಲಾಯ್ತದೆ.
ಹನ್ನೊಂದ್ರಾಗೇ ಇಳಿಸ್ಬೇಕಿತ್ತು.'

ಅಷ್ಟೇ. ಕೊಪ್ಪರಿಗೆಗೆ ವಾಪಸು ಹೋದ.

ಮಾನ್ಯರೇ, ವರದಿಗೊಂದು ತಿದ್ದುಪಡಿ,
ಎಂದು ಮನಸ್ಸಿನಲ್ಲೇ ಶುರುಮಾಡಿ ಬಿಟ್ಟೆ.
ಜವರಪ್ಪನ ಬೆರಳಿನ ಅಂಟು ತಗಡಿನ ಮೇಲೆ ಹಾಗೇ ಇತ್ತು,
ಐದು ಬೆರಳೂ ಎಣಿಸುವಷ್ಟು.
ವೇಲಿನ ತುದಿ ಒದ್ದೆ ಮಾಡಿ ಒರೆಸಲು ಹೋದೆ.
ಗುಳುಕ್ ಅಂದಿತು.

ಹತ್ತಕ್ಕೆ ಹತ್ತು ನಿಮಿಷ.
ಅಲ್ಲಿ ಐದು ಇಪ್ಪತ್ತು.

ಒಲೆಬಾಯಿಗೆ ರಚ್ಚು ತಳ್ಳುತ್ತಿದ್ದ ಹುಡುಗ
ಕೋಲು ನಿಲ್ಲಿಸಿ ಕೇಳಿದ:
'ಅಕ್ಕಾ, ಕೈ ಯಾಕ್ ತಗೀತಿಲ್ಲ,
ಕೆಟ್ಟೋಯ್ತಾ?'