ಗೆರಸೆಯ ಎತ್ತರ

ನೋವು ಮೊದಲು ಬಂದದ್ದು ಬೆನ್ನಿಗಲ್ಲ, ಹೆಬ್ಬೆರಳಿಗೆ.
ಎಡಗಾಲಿನದು. ಚಪ್ಪಲಿ ಕಚ್ಚಿತೆಂದು ಚಪ್ಪಲಿ ಬಿಸಾಡಿದೆ.
ಆಮೇಲೆ ಮೀನಖಂಡ, ಆಮೇಲೆ ತೊಡೆಯ ಹಿಂಭಾಗ.
ಬಾಡಿಗೆಗೆ ಬಂದವರು ಒಂದೊಂದೇ ಕೋಣೆ ಕೇಳುವ ಹಾಗೆ
ಮೇಲೆ ಮೇಲೆ ಬಂತು.
ವಾತ ಅಂದರು, ಎಣ್ಣೆ ಹಚ್ಚಿದರು.
ಸೊಂಟದ ಸುದ್ದಿ ಯಾರೂ ಎತ್ತಲಿಲ್ಲ.

ಪಡೀಲಿನ ಈ ಕಿಟಕಿಯ ಕೆಳಗೆ, ಚಾಪೆಯ ಮೇಲೆ,
ಕಾಲು ಮಡಚಿ, ಗೆರಸೆ ತೊಡೆಯ ಮೇಲಿಟ್ಟು
ಮೂವತ್ತೊಂದು ವರ್ಷ.
ಎಲೆ ಕತ್ತರಿಸು, ಹೊಗೆಸೊಪ್ಪು ಸುರಿ, ಸುತ್ತು,
ತುದಿ ಮಡಚು, ನೂಲು ಕಟ್ಟು.
ದಿನಕ್ಕೆ ಎಂಟುನೂರು; ಮಗಳ ಫೀಸಿನ ತಿಂಗಳು ಸಾವಿರ.
ಬ್ರಾಂಚಿನವ ಬಿಸಾಡಿದ್ದನ್ನೂ ಎಣಿಸಿದರೆ ಇನ್ನಷ್ಟು.
ಬೀಡಿ ಸೇದಿದವರಿಗೆ ಎದೆ, ಕಟ್ಟಿದವರಿಗೆ ಸೊಂಟ.

ಡಾಕ್ಟರ್ ಆಲ್ವಾರಿಸ್ ಪರದೆಯಲ್ಲಿ ನನ್ನನ್ನು ತೋರಿಸಿದರು,
ಬೂದು ಬಣ್ಣದಲ್ಲಿ.
“ನೋಡಿ ವಾರಿಜಕ್ಕ, ನಾಲ್ಕನೆಯದು ಐದನೆಯದರ ಮೇಲಿಂದ
ಮುಂದೆ ಜಾರಿದೆ. ಕಾಲಿಗೆ ಹೋಗುವ ನರ ನಡುವೆ ಸಿಕ್ಕಿದೆ.”
ಮಾಡಿನ ಹಂಚು ಜಾರಿದ ಹಾಗೆಯೇ ಇತ್ತು.
ಹಂಚು ಜಾರುವುದು ಒಂದು ಕಡೆ,
ಸೋರುವುದು ಬೇರೆಲ್ಲೋ.

“ಉದ್ದಕ್ಕೆ ಕೊಯ್ಯುವುದಿಲ್ಲ. ಸಣ್ಣ ತೂತು, ಅದರಲ್ಲಿ ನಳಿಗೆ.
ಸ್ನಾಯು ಕತ್ತರಿಸದೆ ಬದಿಗೆ ಸರಿಸಿ ಒಳಗೆ ಹೋಗುತ್ತೇವೆ.
ನಾಲ್ಕು ಸ್ಕ್ರೂ, ಎರಡು ಸರಳು, ನಡುವೆ ಒಂದು ಪುಟ್ಟ ಗೂಡು,
ಗೂಡಿನಲ್ಲಿ ನಿಮ್ಮದೇ ಎಲುಬಿನ ಚೂರು.
ವರ್ಷದೊಳಗೆ ಎರಡೂ ಕೂಡಿ ಒಂದಾಗಬೇಕು.”
ಆಗುತ್ತದೆ ಅನ್ನಲಿಲ್ಲ, ಆಗಬೇಕು ಅಂದರು.
ಆ ಮಾತು ನಂಬಿ ಸಹಿ ಹಾಕಿದೆ.

ಒಂದೇ ಗೋಡೆಯ ಆಚೆ ಇರುವ ಓರಗಿತ್ತಿ ಜಲಜೆಯೊಡನೆ
ಏಳು ವರ್ಷ ಮಾತಿಲ್ಲ, ಒಂದು ನಲ್ಲಿಯ ವಿಷಯಕ್ಕೆ.
ಅಲ್ಲಿಗೆ ಎಷ್ಟು ಸ್ಕ್ರೂ ಬೇಕೋ
ಕೇಳೋಣವೆನಿಸಿತು. ಕೇಳಲಿಲ್ಲ.

ಎಚ್ಚರವಾದಾಗ ಗಂಟಲು ಒಣಗಿತ್ತು, ಸೊಂಟ ಉರಿಯುತ್ತಿತ್ತು.
ಕಾಲು?
ಎಂಟು ವರ್ಷ ಕೋಳಿಗಿಂತ ಮೊದಲು ಎಬ್ಬಿಸುತ್ತಿದ್ದ ಕಾಲು
ಸುಮ್ಮನಿತ್ತು.
ಕಾಲೇ ಹೋಯಿತೋ ಎಂದು ಹೆದರಿ
ಹೆಬ್ಬೆರಳು ಅಲ್ಲಾಡಿಸಿದೆ. ಅಲ್ಲಾಡಿತು.
ನರ್ಸ್ ಜಿನ್ಸಿ ಬಂದು “ಕರಯಂಡ ಅಮ್ಮ” ಅಂದಳು.
ನಾನು ಯಾರನ್ನೂ ಕರೆದಿರಲಿಲ್ಲ.
ಅವಳ ಮಲಯಾಳದಲ್ಲಿ ಅದು ಅಳಬೇಡ ಎಂದಂತೆ;
ಕೆನ್ನೆ ಮುಟ್ಟಿ ನೋಡಿದ ಮೇಲೆ ತಿಳಿಯಿತು.

ಮರುದಿನವೇ ನಡೆಸಿದಳು, ಮಂಚದಿಂದ ಬಾಗಿಲಿಗೆ.
ಮನೆಗೆ ಬಂದು ಎರಡು ಕನ್ನಡಿ ಹಿಡಿದು ಬೆನ್ನು ನೋಡಿಕೊಂಡೆ:
ನಾಲ್ಕು ಗೆರೆ, ಒಂದೊಂದೂ ಬೀಡಿಯ ಅರ್ಧದಷ್ಟಿಲ್ಲ.
ಇಷ್ಟರಲ್ಲಿ ಹೇಗೆ ಹೊಕ್ಕರೋ!
ಸಣ್ಣ ಕೆಲಸದ ಕೈಗೆ
ಸಣ್ಣ ಕೆಲಸದ ಕೈ ಎಂದರೆ ಏನೆಂದು ಗೊತ್ತು.

ಬಾಗಬಾರದು, ನೆಲದಲ್ಲಿ ಕೂರಬಾರದು,
ಕೊಡಪಾನ ಎತ್ತಬಾರದು.
ಪಿ.ಎಫ್. ಹಣವೆಲ್ಲ ಬೆನ್ನೊಳಗೆ ಹೋಗಿದೆ.
ಮೂರನೇ ತಿಂಗಳು, ಡಾಕ್ಟರನ್ನು ಕೇಳಿಯೇ,
ಮಗಳು ಇಸ್ತ್ರಿ ಮೇಜನ್ನು ಕಿಟಕಿಗೆ ತಂದಿಟ್ಟಳು.
ಗೆರಸೆ ಮೇಜಿನ ಮೇಲೆ. ನಾನು ನಿಂತೇ.

ಸದ್ದಿನಿಂದಲೇ ಹೊತ್ತು ಹೇಳುತ್ತಿದ್ದ ಹನ್ನೊಂದರ ಗೂಡ್ಸ್ ರೈಲು
ಇವತ್ತು ಎಂಜಿನಿನಿಂದ ಗಾರ್ಡಿನ ಡಬ್ಬಿಯವರೆಗೆ ಕಂಡಿತು.
ಎಣಿಸಿದೆ, ಅಭ್ಯಾಸ:
ಎರಡು ಕಟ್ಟು, ಮೇಲೆ ಎಂಟು.
ಪಕ್ಕದ ಅಂಗಳದಲ್ಲಿ ಜಲಜೆ ಬಟ್ಟೆ ಹರವುತ್ತಿದ್ದಳು.
ಇಷ್ಟೊಂದು ನರೆತಿದ್ದಾಳೆ.
ಒಂದು ಕೈ ಸೊಂಟಕ್ಕೆ ಕೊಟ್ಟು, ಎಡಗಾಲು
ಊರಿಯೂ ಊರದ ಹಾಗೆ.
ಆ ನಿಲುವು ನನಗೆ ಗೊತ್ತುಂಟು.

ಎಲೆ ಕೈಯಲ್ಲೇ ಇತ್ತು.
ಸುತ್ತುವುದು ಮರೆತೆ.