ಕಲ್ಲು ಹೋದ ಜಾಗ

ಹಿರೇಬೆಣಕಲ್ಲಿನ ಗುಡ್ಡ ಹತ್ತಿದ್ದು
ನೀರಿನ ಆಳ ಬರೆದುಕೊಳ್ಳಲಿಕ್ಕೆ.
ಹೆಗಲಿಗೆ ಗಂಟು ಗಂಟಿನ ಹಗ್ಗ, ತುದಿಗೆ ಸೀಸದ ಗುಂಡು,
ಕಚೇರಿಯ ನಮೂನೆಯಲ್ಲಿ ಮೊದಲ ಖಾಲಿ ಮನೆ:
ಕೆರೆಯ ಹೆಸರು.

ಹೆಸರಿಲ್ಲ, ಅಂದಳು ಗ್ಯಾನವ್ವ,
ಆಡು ಬಿಟ್ಟುಕೊಂಡು ಮುಂದೆ ನಡೆಯುವವಳು,
ಹಿಂದೆ ನೋಡದೆ ಮಾತಾಡುವವಳು.
"ನೀರು ಅಂತೀವಿ. ಮ್ಯಾಲಿನ ನೀರು.
ಇಲ್ಲಿ ಇನ್ನೊಂದು ನೀರು ಎಲ್ಲೈತಿ
ಹೆಸರಿಟ್ಟು ಕರಿಯಾಕ?"

ಏಪ್ರಿಲ್. ಬಂಡೆ ರೊಟ್ಟಿ ಹಂಚಿನ ಹಾಗೆ.
ಕಾರೆಗಿಡದ ನೆರಳು ಅಂಗೈ ಅಗಲ,
ಅದರಲ್ಲೊಂದು ಓತಿಕ್ಯಾತ
ನೆಂಟರ ಮನೆಯಲ್ಲಿ ಕೂತಂತೆ ಮೈ ಮುದುಡಿ.
ಕೆಳಗೆ, ಬಲು ಕೆಳಗೆ, ಗಂಗಾವತಿಯ ಭತ್ತದ ಹಸಿರು,
ಬೇರೆ ಯಾರದೋ ದೇಶ.

ಆಮೇಲೆ ಮನೆಗಳು.
ಮೂರು ಕಡೆ ಚಪ್ಪಡಿ, ಮೇಲೆ ಚಪ್ಪಡಿ,
ಎದುರಿನದಕ್ಕೆ ಜರಡಿಯಷ್ಟು ದುಂಡು ಕಿಂಡಿ.
ಮೋರೇರ ಮನೆಗಳು. ಎಣಿಸತೊಡಗಿ
ನೂರರ ಹತ್ತಿರ ಲೆಕ್ಕ ತಪ್ಪಿದೆ.
ಒಲೆಯಿಲ್ಲ, ಗೋಡೆಗೆ ಹೊಗೆಯ ಕಲೆಯಿಲ್ಲ.

"ಮೊಣಕಾಲಮಟ ಮಂದಿ. ಆನೀ ತ್ರಾಣ.
ಇಂಥಾ ಚಪ್ಪಡಿ ಹಪ್ಪಳದಂಗ ಎತ್ತತಿದ್ದರಂತ.
ಒಂದಿನ ಬೆಂಕಿಮಳಿ ಬಂತು.
ಒಳಗ ಹೊಕ್ಕವರು ಹೊಕ್ಕಾಂಗ ಉಳದರು."

ದಾರಿ ತಪ್ಪಿದ ಆಡಿಗೊಂದು ಕಲ್ಲೆಸೆದು:
"ನಮ್ಮಜ್ಜಿ ಬ್ಯಾರೆ ಹೇಳತಿದ್ದಳು.
ಒಬ್ಬಾಕಿ ಕಿಂಡ್ಯಾಗ ಹಿಡಿಸಲಿಲ್ಲಂತ,
ದಿನ ತುಂಬಿದ ಬಸುರಿ.
ಹೊರಗ ಉಳದಳು, ಸುಡೂ ಬಂಡಿ ಮ್ಯಾಲ ಹಡದಳು.
ಆಕಿ ನೀರು ಒಡದದ್ದು ಇಲ್ಲೇ."

ಕೂಸು? ಅಂದೆ.

"ಅಜ್ಜಿ ಹೇಳಲಿಲ್ಲ, ನಾ ಕೇಳಲಿಲ್ಲ.
ಆಡು ಕಾಯೋರಿಗೆ
ಕತಿ ಮುಗಿಯೂ ತನಕ ಕೂಡಾಕ ಎಲ್ಲಿ ಆಗತೈತಿ."

ಕೊನೆಯ ಮನೆ ದಾಟಿದರೆ, ನೀರು.
ಬಂಡೆಗಳು ಉಡಿಯಲ್ಲಿ ಕಟ್ಟಿಕೊಂಡು ಕೂತಂತೆ.
ಅಂಚಿಗೆ ಹೊನಗೊನೆ, ಅದರಾಚೆ ಪಾಚಿ,
ನಡುವೆ ಒಂದು ಗುಳುಮುಳುಕ
ಮುಳುಗಿತು; ನಾನು ಕಾಯದ ಕಡೆ ಎದ್ದಿತು.
ಕೆಸರಲ್ಲಿ ರಾತ್ರಿ ಬಂದ ಕರಡಿಯ ಪಾದ,
ಥೇಟು ನಮ್ಮದೇ, ಹೆಬ್ಬೆರಳು ಮಾತ್ರ
ತಪ್ಪು ಮಗ್ಗುಲಿಗೆ.

ದಂಡೆಯ ಬಂಡೆ ಮೆಟ್ಟಿಲು ಮೆಟ್ಟಿಲಾಗಿ ಎದ್ದುಹೋಗಿದೆ.
ಒಂದು ಅಂಚಿಗೆ ಕೈಯಿಟ್ಟೆ:
ಗೇಣಿಗೆ ಎರಡು ಬೆರಳು ಕಮ್ಮಿ.
ಓಡಿಹೋಗಿ ಮನೆಯೊಂದರ ಗೋಡೆಗೆ ಕೈಯಿಟ್ಟೆ:
ಗೇಣಿಗೆ ಎರಡು ಬೆರಳು ಕಮ್ಮಿ.

ಹಾಗಾದರೆ ಕೆರೆಯೆಂದು ಇದನ್ನು ಯಾರೂ ತೋಡಲಿಲ್ಲ.
ಒಬ್ಬರು ಸತ್ತರು, ಗೋಡೆ ಬೇಕಾಯಿತು, ಎಬ್ಬಿಸಿದರು.
ಇನ್ನೊಬ್ಬರು ಸತ್ತರು.
ಮತ್ತೆ ಬೆಂಕಿ ಹಾಕಿ ಬಂಡೆ ಕಾಸಿದರು, ಮತ್ತೆ ಮೀಟಿದರು,
ಮಗುವೊಂದಕ್ಕೆ, ನೋಡಿ, ಆ ಮೂಲೆಯ ಸಣ್ಣ ಚಪ್ಪಡಿ.
ಅಳುತ್ತ ಕಲ್ಲು ಹೊರುವವರು
ಕಲ್ಲು ಹೋದ ಜಾಗವನ್ನು ತಿರುಗಿ ನೋಡುವುದಿಲ್ಲ.
ಯಾವುದೋ ಮುಂಗಾರು ನೋಡಿತು.

ಹಗ್ಗ ಇಳಿಬಿಟ್ಟೆ. ಐದು ಗಂಟು, ಆರು,
ಏಳರ ಮೇಲೆ ಸಡಿಲಾಯಿತು.
ಗುಂಡು ಮುಟ್ಟಿದ್ದು ಕಲ್ಲನ್ನೋ ಹೂಳನ್ನೋ ತಿಳಿಯಲಿಲ್ಲ,
ಮೇಲೆಳೆದಾಗ ಅದಕ್ಕೆ ಹತ್ತಿದ್ದು
ಬೂದಿಬಣ್ಣದ ಒಂದು ಚಿಟಿಕೆ ತಣ್ಪು.

ಗ್ಯಾನವ್ವ ಎಣ್ಣೆಯ ಹಳೇ ಡಬ್ಬಿ ಅದ್ದಿ ತುಂಬಿದಳು.
ಕುಡಿಯುವ ಮೊದಲು ಒಂದು ಬೊಗಸೆ
ಮನೆಗಳ ಕಡೆ ಚೆಲ್ಲಿದಳು.
ಯಾಕೆ ಅಂದರೆ,
"ಬಾಡಗಿ" ಅಂದು ನಕ್ಕಳು.

ಆಳ ಬರೆದೆ. ಅಗಲ ಬರೆದೆ.
ಕಟ್ಟಿಸಿದವರು ಎಂಬಲ್ಲಿ ಪೆನ್ನು ನಿಂತಿತು;
ಬೆವರ ಹನಿಯೊಂದು ಬಿದ್ದು
ಕಾಗದ ಅಲ್ಲಿ ಉಬ್ಬಿತು.

ಹೊತ್ತು ಇಳಿಯುವಾಗ ಆಕೆ ನಗಾರಿಗುಂಡಿಗೆ
ಕೈಯಳತೆಯ ಕಲ್ಲೊಂದನ್ನು ಬಡಿದಳು.
ಗುಡ್ಡ ಗುಂಯ್ಯೆಂದಿತು, ಹಕ್ಕಿ ಮುಳುಗಿತು,
ಚದುರಿದ ಆಡುಗಳೆಲ್ಲ ಒಂದೊಂದಾಗಿ ಕೂಡಿಕೊಂಡವು.
ಒಂದು ಕಮ್ಮಿ.

ಇನ್ನೊಮ್ಮೆ ಬಡಿದಳು.
ನಾನು ಗೇಣು ಹಾಕಿದ ಮನೆಯ
ದುಂಡು ಕಿಂಡಿಯಿಂದ ತಲೆ ಹೊರಹಾಕಿತು
ಕಪ್ಪು ಆಡು,
ಮೂತಿ ಇನ್ನೂ ಒದ್ದೆ.